ಅರಣ್ಯಕಾಂಡದಲ್ಲಿ ಕಥೆಯ ನಡುವೆ ಕಟ್ಟಳೆಗಳು ಏಕೆ ಬರುತ್ತವೆ?

ಪ್ರಶ್ನೆ

ಹೀಬ್ರೂ ಧರ್ಮಗ್ರಂಥದ (ಬೈಬಲಿನ ಹಳೆಯ ಒಡಂಬಡಿಕೆಯ) ಮೊದಲ ಐದು ಪುಸ್ತಕಗಳನ್ನು ಈ ಬಾರಿ ಬಿಡಿ ಭಾಗಗಳಾಗಿ ಆರಿಸಿಕೊಳ್ಳದೆ ಮೊದಲಿನಿಂದ ಕ್ರಮವಾಗಿ ಓದುತ್ತಿದ್ದೇನೆ. ಎರಡನೆಯ ಪುಸ್ತಕವಾದ ವಿಮೋಚನಕಾಂಡದ 19ನೆಯ ಅಧ್ಯಾಯದವರೆಗೆ ಓದು ಸರಾಗವಾಗಿ ಸಾಗಿತು. ಐಗುಪ್ತದ (ಈಜಿಪ್ಟಿನ) ದಾಸತ್ವ, ಬಿಡುಗಡೆ, ಸಮುದ್ರವನ್ನು ದಾಟಿದ್ದು, ಆಕಾಶದಿಂದ ಬಂದ ಆಹಾರವಾದ ಮನ್ನ, ಸೀನಾಯಿ ಬೆಟ್ಟ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಅಲ್ಲಿಂದ ಮುಂದೆ ದೇವರ ಆರಾಧನೆಯ ಗುಡಾರದ ಅಳತೆ, ಯಜ್ಞಗಳ ವಿಧಿ, ಶುದ್ಧ ಅಶುದ್ಧಗಳ ವಿವರ ತುಂಬಿಕೊಂಡು ಕಥೆ ನಿಂತೇ ಹೋಗುತ್ತದೆ. ನಾಲ್ಕನೆಯ ಪುಸ್ತಕವಾದ ಅರಣ್ಯಕಾಂಡಕ್ಕೆ ಬಂದ ಮೇಲಂತೂ ಗೊಂದಲ ಹೆಚ್ಚಾಯಿತು. 13 ಮತ್ತು 14ನೆಯ ಅಧ್ಯಾಯಗಳಲ್ಲಿ ಗೂಢಚಾರರು ದೇವರು ಕೊಡುವೆನೆಂದ ಕಾನಾನ್ ದೇಶವನ್ನು ನೋಡಿಬಂದು ಜನರ ಎದೆಗೆಡಿಸುತ್ತಾರೆ, ಆ ತಲೆಮಾರು ಅರಣ್ಯದಲ್ಲಿಯೇ ಸಾಯಬೇಕೆಂಬ ತೀರ್ಪಾಗುತ್ತದೆ. ಅದರ ಬೆನ್ನಿಗೇ 15ನೆಯ ಅಧ್ಯಾಯವು ಹೋಮದ ಪಶುವಿನೊಂದಿಗೆ ಎಷ್ಟು ಹಿಟ್ಟು, ಎಷ್ಟು ಎಣ್ಣೆ, ಎಷ್ಟು ದ್ರಾಕ್ಷಾರಸ ಅರ್ಪಿಸಬೇಕು ಎಂದು ಹೇಳತೊಡಗುತ್ತದೆ. ಇದು ಪುಸ್ತಕವನ್ನು ಜೋಡಿಸಿದವರ ಅಲಕ್ಷ್ಯವೇ, ಅಥವಾ ನಾನು ಕಾಣದೆ ಹೋದ ಉದ್ದೇಶವೊಂದು ಇದರಲ್ಲಿದೆಯೇ?

ಮೊದಲ ಉತ್ತರ

ಹೆಸರಿನಿಂದಲೇ ಆರಂಭಿಸೋಣ. ಗ್ರೀಕ್ ಅನುವಾದಕರು ಈ ಪುಸ್ತಕಕ್ಕೆ ‘ಎಣಿಕೆಗಳು’ ಎಂಬ ಅರ್ಥದ ಹೆಸರು ಕೊಟ್ಟರು, ಏಕೆಂದರೆ ಇದರಲ್ಲಿ ಎರಡು ಜನಗಣತಿಗಳಿವೆ. ಮೊದಲನೆಯದರಲ್ಲಿ ಯುದ್ಧಕ್ಕೆ ಹೊರಡಬಲ್ಲ 6,03,550 ಗಂಡಸರು, ಎರಡನೆಯದರಲ್ಲಿ 6,01,730. ಹೀಬ್ರೂ ಸಂಪ್ರದಾಯದಲ್ಲಿ ಇದರ ಹೆಸರು ‘ಬೆಮಿದ್ಬಾರ್’, ಅಂದರೆ ‘ಅರಣ್ಯದಲ್ಲಿ’. ಕನ್ನಡದ ಹೆಸರು ಗ್ರೀಕನ್ನು ಬಿಟ್ಟು ಹೀಬ್ರೂವಿನ ಜಾಡು ಹಿಡಿದಿರುವುದು ಸಂತೋಷದ ಸಂಗತಿಯೇ ಆದರೂ, ಅರಣ್ಯ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ದಟ್ಟ ಕಾಡು ಅಲ್ಲಿಲ್ಲ. ಮಿದ್ಬಾರ್ ಎಂದರೆ ಊರಿಲ್ಲದ, ಬೇಸಾಯವಿಲ್ಲದ, ಹೆಚ್ಚೆಂದರೆ ಕುರಿಮಂದೆ ಮೇಯಿಸಬಹುದಾದ ಬರಡು ಬಯಲು. ಇದನ್ನು ಮರೆತರೆ ನೀವು ಕೇಳಿದ 15ನೆಯ ಅಧ್ಯಾಯ ಅರ್ಥವಾಗುವುದಿಲ್ಲ.

ಕಥೆ ನಿಂತುಹೋಯಿತೆಂಬ ನಿಮ್ಮ ಅನುಭವ ಸರಿಯಾದದ್ದೇ. ಇಸ್ರಾಯೇಲ್ಯರು ಐಗುಪ್ತವನ್ನು ಬಿಟ್ಟ ಮೂರನೆಯ ತಿಂಗಳಲ್ಲಿ ಸೀನಾಯಿಗೆ ಬರುತ್ತಾರೆ; ಎರಡನೆಯ ವರ್ಷದ ಎರಡನೆಯ ತಿಂಗಳ 20ನೆಯ ದಿನ ಅಲ್ಲಿಂದ ಹೊರಡುತ್ತಾರೆ. ಒಂದು ವರ್ಷವೂ ತುಂಬದ ಈ ಬಿಡಾರಕ್ಕೆ ವಿಮೋಚನಕಾಂಡದ 22 ಅಧ್ಯಾಯಗಳು, ಮೂರನೆಯ ಪುಸ್ತಕವಾದ ಯಾಜಕಕಾಂಡದ ಎಲ್ಲ 27 ಅಧ್ಯಾಯಗಳು ಮತ್ತು ಅರಣ್ಯಕಾಂಡದ ಮೊದಲ 9 ಅಧ್ಯಾಯಗಳು ಮೀಸಲಾಗಿವೆ. ಇನ್ನೊಂದೆಡೆ, ಗೂಢಚಾರರನ್ನು ಕಳುಹಿಸಿದ ಸ್ಥಳವಾದ ಕಾದೇಶ್ ಬರ್ನೇಯವನ್ನು ಬಿಟ್ಟು ಜೆರೆದ್ ಹಳ್ಳವನ್ನು ದಾಟುವವರೆಗೆ 38 ವರ್ಷಗಳು ಕಳೆದವೆಂದು ಐದನೆಯ ಪುಸ್ತಕವಾದ ಧರ್ಮೋಪದೇಶಕಾಂಡ ಹೇಳುತ್ತದೆ, ಆದರೆ ಆ ದೀರ್ಘ ಕಾಲದ ಬಗ್ಗೆ ಕಥನ ಬಹುಮಟ್ಟಿಗೆ ಮೌನವಾಗಿದೆ. ಹೋರೇಬಿನಿಂದ (ಅದು ಸೀನಾಯಿಯ ಇನ್ನೊಂದು ಹೆಸರು) ಕಾದೇಶಿಗೆ ಹನ್ನೊಂದು ದಿನದ ದಾರಿ ಎಂದು ಅದೇ ಪುಸ್ತಕ ತನ್ನ ಎರಡನೆಯ ವಚನದಲ್ಲಿಯೇ, ಯಾವ ವ್ಯಾಖ್ಯಾನವನ್ನೂ ಸೇರಿಸದೆ, ಹೇಳಿಬಿಡುತ್ತದೆ. ಅಲೆದಾಟದ ವರ್ಷಗಳನ್ನು ಹೀಗೆ ಮಡಚಿಟ್ಟು ಬೆಟ್ಟದ ಬುಡದ ತಿಂಗಳುಗಳನ್ನು ಬಿಡಿಸಿ ಹರಡಿರುವುದನ್ನು ಅಲಕ್ಷ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎರಡನೆಯ ಉತ್ತರ

15ನೆಯ ಅಧ್ಯಾಯದ ಮೊದಲ ಮಾತನ್ನು ಮತ್ತೊಮ್ಮೆ ನೋಡಿ. ‘ನಾನು ನಿಮಗೆ ಕೊಡುವ ದೇಶಕ್ಕೆ ನೀವು ಸೇರಿದ ಮೇಲೆ’ ಎಂಬ ಅರ್ಥದ ಮಾತಿನಿಂದ ಅದು ಆರಂಭವಾಗುತ್ತದೆ. ಗೋದಿಹಿಟ್ಟು, ಎಣ್ಣೆ, ದ್ರಾಕ್ಷಾರಸ ಇವು ಮೂರೂ ಹೊಲ, ತೋಪು, ತೋಟಗಳಿದ್ದವರು ಕೊಡಬಲ್ಲ ಕಾಣಿಕೆಗಳು. ಮನ್ನವನ್ನು ಕೂಡಿಸಿ ತಿನ್ನುವ ಜನರ ಕೈಯಲ್ಲಿ ಇವು ಎಲ್ಲಿಂದ ಬರಬೇಕು? ನೀವು ಸೇರುವುದಿಲ್ಲ ಎಂಬ ತೀರ್ಪಿನ ಬೆನ್ನಿಗೇ ನಿಮ್ಮ ಮಕ್ಕಳು ಸೇರುತ್ತಾರೆ ಎಂಬುದನ್ನು ಯಾವ ಸಾಂತ್ವನದ ಮಾತೂ ಇಲ್ಲದೆ ಬರಿಯ ಅಳತೆಗಳಲ್ಲಿ ಹೇಳಲಾಗಿದೆ. 19ನೆಯ ಅಧ್ಯಾಯವೂ ಹೀಗೆಯೇ. ಜನರ ನಾಯಕ ಮೋಶೆಯ ವಿರುದ್ಧ ಕೋರಹ ಎಂಬವನು ಎಬ್ಬಿಸಿದ ದಂಗೆಯ ನಂತರ ವ್ಯಾಧಿಯಿಂದ 14,700 ಜನ ಸತ್ತರೆಂದು ಓದುತ್ತೇವೆ; ಅದಾದ ಮೇಲೆ, ಶವವನ್ನು ಮುಟ್ಟಿದವರು ಕೆಂಪು ಕಡಸಿನ ಬೂದಿ ಬೆರೆಸಿದ ನೀರಿನಿಂದ ಶುದ್ಧರಾಗುವ ವಿಧಿ ಬರುತ್ತದೆ; ಅದರ ಮರು ಅಧ್ಯಾಯದಲ್ಲಿ ಮೋಶೆಯ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ತೀರಿಕೊಳ್ಳುತ್ತಾರೆ. ಸಾವುಗಳ ನಡುವೆ ಸಾವಿನ ವಿಧಿ ಇದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೋಶೆಗೆ ಉತ್ತರ ತಿಳಿಯದೆ ದೇವರನ್ನು ಕೇಳಿ ತೀರ್ಪು ಕೊಡಬೇಕಾದ ನಾಲ್ಕು ಪ್ರಕರಣಗಳು ಈ ಪುಸ್ತಕಗಳಲ್ಲಿವೆ. ಜಗಳದಲ್ಲಿ ದೇವರ ನಾಮವನ್ನು ದೂಷಿಸಿದವನೊಬ್ಬ. ಅವನ ತಾಯಿ ಇಸ್ರಾಯೇಲ್ಯಳು, ತಂದೆ ಐಗುಪ್ತ್ಯ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಕಟ್ಟಿಗೆ ಕೂಡಿಸಿದವನೊಬ್ಬ. ಶವ ಮುಟ್ಟಿ ಅಶುದ್ಧರಾದ್ದರಿಂದ ಮೊದಲ ತಿಂಗಳ 14ನೆಯ ದಿನ, ಐಗುಪ್ತದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕವನ್ನು ಆಚರಿಸಲಾಗದೆ ಬಂದು, ನಮ್ಮನ್ನೇಕೆ ಹೊರಗಿಡಬೇಕು ಎಂದು ಕೇಳಿದವರು. ಅವರಿಗಾಗಿ, ದೂರ ಪ್ರಯಾಣದಲ್ಲಿರುವವರಿಗಾಗಿಯೂ, ಎರಡನೆಯ ತಿಂಗಳ 14ನೆಯ ದಿನದ ಪಸ್ಕ ಗೊತ್ತಾಯಿತು. ಕೊನೆಯದಾಗಿ ಚೆಲೋಫಹಾದನ ಐವರು ಹೆಣ್ಣುಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಗಂಡುಮಕ್ಕಳಿಲ್ಲದೆ ಸತ್ತ ತಂದೆಯ ಹೆಸರು ಕುಲದಿಂದ ಅಳಿಯಬಾರದೆಂದು ಅವರು ಗುಡಾರದ ಬಾಗಿಲಲ್ಲಿ ಮೋಶೆ, ಯಾಜಕ, ಕುಲಾಧಿಪತಿಗಳು ಮತ್ತು ಇಡೀ ಸಭೆಯ ಮುಂದೆ ನಿಂತು ಪಾಲು ಕೇಳಿದರು, ಅವರ ಮಾತು ನ್ಯಾಯವೆಂಬ ತೀರ್ಪೂ ಬಂತು. 36ನೆಯ ಅಧ್ಯಾಯದಲ್ಲಿ ಅದೇ ಕುಲದ ಹಿರಿಯರು ಮೇಲ್ಮನವಿಯಂತೆ ಬಂದು, ಇವರು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಭೂಮಿ ಕೈಬಿಡುತ್ತದಲ್ಲ ಎನ್ನುತ್ತಾರೆ, ಆಗ ತೀರ್ಪಿಗೆ ಷರತ್ತೊಂದು ಸೇರುತ್ತದೆ. ಕಟ್ಟಳೆಯನ್ನು ಕಥೆಯಿಂದ ಬೇರ್ಪಡಿಸಿ ಪಟ್ಟಿ ಮಾಡಿದ್ದರೆ, ಯಾರು ಕೇಳಿದ್ದರಿಂದ ಅದು ಹುಟ್ಟಿತು ಎಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳಿದವರು

ಹಿಟ್ಟು, ಎಣ್ಣೆಗಳ ವಿಚಾರ ನನಗೆ ಹೊಳೆದೇ ಇರಲಿಲ್ಲ. ಆದರೆ ಕಟ್ಟಿಗೆ ಕೂಡಿಸಿದವನ ಪ್ರಕರಣದಲ್ಲಿ ಒಂದು ತೊಡಕಿದೆ. ಸಬ್ಬತ್ತನ್ನು ಮೀರಿ ಕೆಲಸ ಮಾಡಿದವನಿಗೆ ಮರಣದಂಡನೆ ಎಂದು ವಿಮೋಚನಕಾಂಡದ 31ನೆಯ ಅಧ್ಯಾಯ ಆಗಲೇ ಹೇಳಿರುವಾಗ, ಅವನನ್ನು ಕಾವಲಿನಲ್ಲಿಟ್ಟು ಕಾಯಬೇಕಾದದ್ದು ಏಕೆ?

ಮೂರನೆಯ ಉತ್ತರ

ಮರಣದಂಡನೆ ಎಂಬುದು ಗೊತ್ತಿತ್ತು, ಅದನ್ನು ಯಾವ ರೀತಿಯಲ್ಲಿ ವಿಧಿಸಬೇಕೆಂಬುದು ಗೊತ್ತಿರಲಿಲ್ಲ ಎಂದು ಯೆಹೂದಿ ಧರ್ಮಪಂಡಿತರಾದ ರಬ್ಬಿಗಳು ಉತ್ತರಿಸಿದ್ದಾರೆ. ಕಟ್ಟಿಗೆ ಆಯುವುದೂ ಕೆಲಸವೇ ಎಂಬ ಸಂದೇಹವೂ ಇದ್ದಿರಬಹುದೆಂದು ನನಗೆ ತೋರುತ್ತದೆ.

ಆದರೂ ಮೇಲಿನ ಇಬ್ಬರು ಎಲ್ಲವನ್ನೂ ಒಂದೇ ಕೈಯ ಕುಸುರಿಯೆಂಬಂತೆ ಓದಿದ್ದಾರೆ, ಅದನ್ನು ನಾನು ಪೂರ್ತಿ ಒಪ್ಪಲಾರೆ. ಅರಣ್ಯಕಾಂಡದ 1ನೆಯ ಅಧ್ಯಾಯ ಎರಡನೆಯ ತಿಂಗಳಲ್ಲಿ ಆರಂಭವಾದರೆ 9ನೆಯದು ಅದೇ ವರ್ಷದ ಮೊದಲನೆಯ ತಿಂಗಳಿಗೆ ಹಿಂದಿರುಗುತ್ತದೆ. ಸಬ್ಬತ್ತಿಗೆ ವಿಮೋಚನಕಾಂಡ ಕೊಡುವ ಕಾರಣ ಆರು ದಿನಗಳ ಸೃಷ್ಟಿ, ಧರ್ಮೋಪದೇಶಕಾಂಡ ಕೊಡುವ ಕಾರಣ ಐಗುಪ್ತದ ದಾಸತ್ವದ ನೆನಪು. ವಿಮೋಚನಕಾಂಡದ 20ನೆಯ ಅಧ್ಯಾಯ ಹಲವು ಸ್ಥಳಗಳಲ್ಲಿ ಮಣ್ಣಿನ ಯಜ್ಞವೇದಿಗೆ ಅವಕಾಶ ಕೊಡುವಂತಿದ್ದರೆ, ಧರ್ಮೋಪದೇಶಕಾಂಡದ 12ನೆಯದು ದೇವರು ಆರಿಸಿಕೊಳ್ಳುವ ಒಂದೇ ಸ್ಥಳ ಎನ್ನುತ್ತದೆ. 19ನೆಯ ಶತಮಾನದಲ್ಲಿ ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ ಇಂಥ ಭೇದಗಳನ್ನು ಹಿಡಿದು, ಬೇರೆ ಬೇರೆ ಕಾಲದ ಬರಹಗಳು ಇಲ್ಲಿ ಹೆಣೆದುಕೊಂಡಿವೆ ಎಂದು ವಾದಿಸಿದರು. ಅವರ ವಾದದ ಎಷ್ಟೋ ಭಾಗಗಳು ಇಂದು ವಿವಾದದಲ್ಲಿದ್ದರೂ, ಗುಡಾರ ಮತ್ತು ಯಜ್ಞಗಳ ವಿವರಗಳು ಯಾಜಕ ಪರಂಪರೆಯೊಂದರಿಂದ ಬಂದವು ಎಂಬುದನ್ನು ಅನೇಕ ವಿದ್ವಾಂಸರು ಒಪ್ಪುತ್ತಾರೆ. ಅದು ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 6ನೆಯ ಶತಮಾನದಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಗಿ ಜನ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಕಾಲದಲ್ಲಿ ಅಥವಾ ಆನಂತರ ಎಂದು ಅವರಲ್ಲಿ ಹಲವರ ಅಭಿಪ್ರಾಯ.

ದೇವಾಲಯ ಕಳೆದುಕೊಂಡವರ ದೃಷ್ಟಿಯಿಂದ ಗುಡಾರದ ಅಧ್ಯಾಯಗಳನ್ನು ಓದಿದರೆ ಅವು ಬೇಸರ ತರಿಸುವುದಿಲ್ಲ. ಅಲ್ಲಿರುವುದೆಲ್ಲ ಕಳಚಿ, ಸುತ್ತಿ, ಹೊತ್ತು ಸಾಗಿಸಬಹುದಾದದ್ದು. ಗುಡಾರವನ್ನು ಹೊರುವ ಕೆಲಸ ಲೇವಿ ಕುಲದ ಮೂರು ಮನೆತನಗಳದು: ಪರದೆಗಳನ್ನು ಸಾಗಿಸಲು ಗೇರ್ಷೋನ್ಯರಿಗೆ ಎರಡು ಬಂಡಿ, ಚೌಕಟ್ಟು ಕಂಬಗಳಿಗಾಗಿ ಮೆರಾರೀಯರಿಗೆ ನಾಲ್ಕು ಬಂಡಿ. ಅತಿಪವಿತ್ರ ವಸ್ತುಗಳನ್ನು ಹೊರುವ ಕೆಹಾತ್ಯರಿಗೆ ಒಂದೂ ಇಲ್ಲ, ಏಕೆಂದರೆ ಅವನ್ನು ಹೆಗಲ ಮೇಲೆಯೇ ಹೊರಬೇಕು. ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಪೆಟ್ಟಿಗೆಯಾದ ಮಂಜೂಷದ ಬಳೆಗಳಿಗೆ ಸೇರಿಸಿದ ಕೋಲುಗಳನ್ನು ಎಂದಿಗೂ ತೆಗೆಯಬಾರದೆಂಬ ಅಪ್ಪಣೆಯೂ ಇದೆ.

ಎರಡನೆಯ ಉತ್ತರ ಬರೆದವರು

ಬೇರೆ ಬೇರೆ ಕೈಗಳೆಂಬುದಕ್ಕೆ ನನ್ನ ತಕರಾರಿಲ್ಲ. ಕೊನೆಗೆ ಜೋಡಿಸಿದವರು ಈ ಭೇದಗಳನ್ನು ಅಳಿಸದೆ ಪಕ್ಕಪಕ್ಕದಲ್ಲಿ ಉಳಿಸಿಕೊಂಡರು ಎಂಬುದನ್ನಷ್ಟೇ ಸೇರಿಸುತ್ತೇನೆ. ಕೋಲುಗಳ ವಿಚಾರ ಎತ್ತಿದ್ದರಿಂದ ಅರಸುಗಳ ಮೊದಲ ಪುಸ್ತಕದ 8ನೆಯ ಅಧ್ಯಾಯವನ್ನೂ ತೆರೆದು ನೋಡಿ. ಅರಸನಾದ ಸೊಲೊಮೋನನು ಕಲ್ಲಿನ ದೇವಾಲಯವನ್ನು ಕಟ್ಟಿಸಿ, ಇನ್ನೆಲ್ಲಿಗೂ ಹೋಗಬೇಕಿಲ್ಲದ ಮಂಜೂಷವನ್ನು ಒಳಕೋಣೆಯಲ್ಲಿ ಇರಿಸಿದ ಮೇಲೂ ಆ ಕೋಲುಗಳು ಅದರಲ್ಲಿಯೇ ಇದ್ದವು, ಉದ್ದವಾಗಿದ್ದುದರಿಂದ ಅವುಗಳ ತುದಿಗಳು ಎದುರಿನ ಪವಿತ್ರಸ್ಥಳದಲ್ಲಿ ನಿಂತವರಿಗೆ ಕಾಣಿಸುತ್ತಿದ್ದವು.