ಅನುವಾದ ತಂಡಕ್ಕೆ ಬರುವ ಹೊಸಬರಿಗೆ ತಾಂತ್ರಿಕ ವಿಷಯಗಳನ್ನು ಹೇಗೆ ಹೇಳಿಕೊಡುತ್ತೀರಿ?

ಪ್ರಶ್ನೆ:
ನಮಸ್ಕಾರ. ಗ್ನೋಮ್ ಮತ್ತು ಲಿಬ್ರೆ ಆಫೀಸ್ ತಂತ್ರಾಂಶಗಳ ಕನ್ನಡ ಅನುವಾದಕ್ಕೆ ನೆರವಾಗಲು ನಮ್ಮ ಗುಂಪಿಗೆ ಆಗಾಗ ಹೊಸಬರು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಕನ್ನಡವನ್ನು ಚೆನ್ನಾಗಿ ಬಲ್ಲವರು. ಪಿಒ ಕಡತ (ಮೂಲ ವಾಕ್ಯಗಳೂ ಅವುಗಳ ಅನುವಾದವೂ ಇರುವ ಕಡತ), ಗೆಟ್‌ಟೆಕ್ಸ್ಟ್ (ಅಂಥ ಕಡತಗಳನ್ನು ನಿಭಾಯಿಸುವ ಸಾಧನ), ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ವ್ಯವಸ್ಥೆ) ಎಂದೊಡನೆ ಮಾತ್ರ ಹಿಂಜರಿಯುತ್ತಾರೆ. ಒಂದು ದಿನದ ಕಾರ್ಯಾಗಾರದಲ್ಲಿ ಇವನ್ನೆಲ್ಲ ತಿಳಿಸಿ ಆಮೇಲೆ ಕೆಲಸ ಒಪ್ಪಿಸುವುದು ನಮ್ಮ ರೂಢಿ. ಆದರೆ ಮೊದಲ ಕಡತವನ್ನು ಕಳುಹಿಸಿದವರು ಮತ್ತೆ ಇತ್ತ ಸುಳಿಯುವುದು ಅಪರೂಪ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1:
ಕಾರ್ಯಾಗಾರದಿಂದ ಗಿಟ್ ಅನ್ನು ಕೈಬಿಡಿ. ಲಿಬ್ರೆ ಆಫೀಸ್ ಅನುವಾದ ವೆಬ್‌ಲೇಟ್ ಎಂಬ ಅನುವಾದ ತಾಣದಲ್ಲಿ ನಡೆಯುವುದರಿಂದ ಬ್ರೌಸರ್ ಇದ್ದರೆ ಸಾಕು. ಗ್ನೋಮ್‌ನ ಡ್ಯಾಮ್ಡ್ ಲೈಸ್ ತಾಣದಲ್ಲಿಯೂ ಕಡತವನ್ನು ಇಳಿಸಿಕೊಂಡು, ಅನುವಾದಿಸಿ, ಮರಳಿ ಏರಿಸುವುದಷ್ಟೇ ಅನುವಾದಕರ ಕೆಲಸ. ಅದನ್ನು ಗಿಟ್‌ಗೆ ಸೇರಿಸುವ ಹೊಣೆ ಕಮಿಟರ್ ಆದವರದು.

ಹೊಸಬರು ನಿಜವಾಗಿ ಎಡವುವುದು ಬೇರೆಡೆ. ಮೂಲ ವಾಕ್ಯ ಸ್ವಲ್ಪ ಬದಲಾದಾಗ ಗೆಟ್‌ಟೆಕ್ಸ್ಟ್ ಹಳೆಯ ಅನುವಾದವನ್ನೇ ಉಳಿಸಿಕೊಂಡು ಅದಕ್ಕೆ ‘ಫಜಿ’ (ಮತ್ತೆ ನೋಡಬೇಕಾದದ್ದು) ಎಂಬ ಗುರುತು ಹಾಕುತ್ತದೆ. ಹೊಸಬರು ಅನುವಾದವನ್ನು ಶ್ರದ್ಧೆಯಿಂದ ತಿದ್ದುತ್ತಾರೆ, ಗುರುತನ್ನು ತೆಗೆಯಬೇಕೆಂದು ಅವರಿಗೆ ಗೊತ್ತಿರುವುದಿಲ್ಲ. ಫಜಿ ಸಾಲುಗಳು ಸಾಮಾನ್ಯವಾಗಿ ಎಂಒ ಕಡತಕ್ಕೆ (ಪಿಒ ಕಡತದಿಂದ ತಯಾರಾಗುವ, ತಂತ್ರಾಂಶ ಓದುವ ಕಡತ) ಸೇರದ ಕಾರಣ ಪರದೆಯ ಮೇಲೆ ಇಂಗ್ಲಿಷ್ ಹಾಗೆಯೇ ಉಳಿಯುತ್ತದೆ. ತಮ್ಮ ಕೆಲಸವನ್ನು ಯಾರೋ ಸದ್ದಿಲ್ಲದೆ ತಿರಸ್ಕರಿಸಿದರೆಂದು ಅವರು ತಿಳಿಯುತ್ತಾರೆ. ನೀವು ಹೇಳಿದ ಗೈರುಹಾಜರಿಗೆ ಇದೂ ಒಂದು ಕಾರಣವಿರಬಹುದು. ಕಾರ್ಯಾಗಾರದ ಸ್ಲೈಡಿನಲ್ಲಿ ಹೇಳಿದರೆ ಇದು ನೆನಪಿನಲ್ಲಿ ನಿಲ್ಲದು, ಅವರದೇ ಕಡತವನ್ನು ತೆರೆದು ಆ ಸಾಲನ್ನು ತೋರಿಸಬೇಕು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಪರಿಶೀಲಿಸುವ ನಮ್ಮ ಕ್ರಮದಲ್ಲಿಯೂ ದೋಷವಿದೆ. ತಪ್ಪು ಕಂಡೊಡನೆ ನಾವೇ ತಿದ್ದಿ ಸೇರಿಸಿಬಿಡುತ್ತೇವೆ (ಹಳಬರಿಗೆ ಅವಸರ ಜಾಸ್ತಿ), ಕಾರಣ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಮೂಲದಲ್ಲಿ ಕಡತಗಳ ಸಂಖ್ಯೆಗೆ ಪರ್ಸೆಂಟ್-ಡಿ ಮೊದಲು, ಕಡತಕೋಶದ ಹೆಸರಿಗೆ ಪರ್ಸೆಂಟ್-ಎಸ್ ಆಮೇಲೆ ಬರುತ್ತದೆ ಎನ್ನಿ (ಪ್ರೋಗ್ರಾಂ ಓಡುವಾಗ ಈ ಚಿಹ್ನೆಗಳ ಜಾಗದಲ್ಲಿ ನಿಜವಾದ ಸಂಖ್ಯೆ ಮತ್ತು ಹೆಸರು ಬರುತ್ತವೆ). ‘ಇಂಥ ಕಡತಕೋಶದಲ್ಲಿ ಇಷ್ಟು ಕಡತಗಳಿವೆ’ ಎಂದು ಸಹಜವಾಗಿ ಬರೆಯುವವರು ಎರಡನ್ನೂ ಅದಲುಬದಲು ಮಾಡುತ್ತಾರೆ. ಅವರ ಕನ್ನಡ ಸರಿಯಾಗಿಯೇ ಇರುತ್ತದೆ. ಪ್ರೋಗ್ರಾಂ ಮಾತ್ರ ಸಂಖ್ಯೆಯನ್ನು ಹೆಸರೆಂದು ಓದಲು ಹೋಗಿ ಕ್ರ್ಯಾಶ್ ಆಗಬಹುದು. ಹಾಗೆಂದು ವಾಕ್ಯವನ್ನು ಇಂಗ್ಲಿಷಿನ ಕ್ರಮಕ್ಕೆ ಬಗ್ಗಿಸಬೇಕಿಲ್ಲ. ಪರ್ಸೆಂಟ್ ಚಿಹ್ನೆ ಮತ್ತು ಅಕ್ಷರದ ನಡುವೆ ಮೂಲದ ಸ್ಥಾನಸಂಖ್ಯೆಯನ್ನೂ ಡಾಲರ್ ಚಿಹ್ನೆಯನ್ನೂ ಸೇರಿಸಿದರೆ, ಅಂದರೆ ಹೆಸರಿಗೆ 2$ ಮತ್ತು ಸಂಖ್ಯೆಗೆ 1$ ಎಂದು ಕೊಟ್ಟರೆ, ಕನ್ನಡದ ಕ್ರಮವನ್ನೇ ಇಟ್ಟುಕೊಳ್ಳಬಹುದು. ಇದನ್ನು ಹೊಸಬರಿಂದಲೇ ಮಾಡಿಸಿ. ಗೆಟ್‌ಟೆಕ್ಸ್ಟ್‌ನ ಎಂಎಸ್‌ಜಿಎಫ್‌ಎಂಟಿ ಆಜ್ಞೆಯನ್ನು ಮೈನಸ್-ಸಿ ಆಯ್ಕೆಯೊಂದಿಗೆ ಓಡಿಸಿದರೆ ಸಿ-ಫಾರ್ಮ್ಯಾಟ್ ಗುರುತಿರುವ (ಪರ್ಸೆಂಟ್ ಚಿಹ್ನೆಗಳಿವೆ ಎಂದು ಸೂಚಿಸುವ ಗುರುತು) ಸಾಲುಗಳಲ್ಲಿನ ಇಂಥ ತಪ್ಪನ್ನು ಸಾಲಿನ ಸಂಖ್ಯೆಯ ಸಮೇತ ಅದೇ ತೋರಿಸುತ್ತದೆ. ಎರಡೂ ಪರ್ಸೆಂಟ್-ಎಸ್ ಆಗಿದ್ದರೆ ಅದರ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಓದಿಯೇ ನೋಡಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೀಗೆ ಪ್ರತಿಯೊಂದಕ್ಕೂ ಕಾರಣ ಬರೆಯಲು ನಮ್ಮಲ್ಲಿ ಪರಿಶೀಲಕರು ತೀರ ಕಡಿಮೆ ಇದ್ದಾರೆ. ಇದಕ್ಕೇನು ಮಾಡುವುದು?

ಉತ್ತರ 3:
ಡ್ಯಾಮ್ಡ್ ಲೈಸ್‌ನಲ್ಲಿ ಪರಿಶೀಲಕರ ಪಾತ್ರವೂ ಕಮಿಟರ್ ಪಾತ್ರವೂ ಬೇರೆ ಬೇರೆಯಾಗಿವೆ. ಒಂದೆರಡು ಕಡತಗಳನ್ನು ಸರಿಯಾಗಿ ಮುಗಿಸಿದವರಿಗೆ ತಂಡದ ಸಂಯೋಜಕರು ಪರಿಶೀಲಕರ ಪಾತ್ರವನ್ನು ಕೊಡಲಿ. ಅವರ ಕಣ್ಣು ತಪ್ಪಿದ್ದು ಕಮಿಟರ್ ಹಂತದಲ್ಲಿ ಸಿಗುತ್ತದೆ. ಟಿಪ್ಪಣಿಗಳನ್ನು ವಾಟ್ಸಾಪ್‌ನಲ್ಲಿ ಹಾಕದೆ ಆಯಾ ಮಾಡ್ಯೂಲಿನ (ಅನುವಾದಿಸುತ್ತಿರುವ ತಂತ್ರಾಂಶದ) ಪುಟದಲ್ಲಿಯೇ ಬರೆಯಲು ಹೇಳಿ, ಮುಂದಿನವರು ಅಲ್ಲಿಯೇ ಓದಿಕೊಳ್ಳುತ್ತಾರೆ.