ಬೋಲ್ಡರ್ಸ್ ಬೀಚ್‌ನಲ್ಲಿ ಪೆಂಗ್ವಿನ್ ನೋಡಲು ಯಾವ ಗೇಟು, ಯಾವ ಹೊತ್ತು?

ಕಡಲಂಚು:
ಜನವರಿ ಮೊದಲ ವಾರ ಕೇಪ್ ಟೌನ್‌ಗೆ ಹೋಗುತ್ತಿದ್ದೇವೆ. ಬೋಲ್ಡರ್ಸ್‌ಗೆ ಅರ್ಧ ದಿನ ತೆಗೆದಿಟ್ಟಿದ್ದೇವೆ. ಜೊತೆಯಲ್ಲಿ ಏಳು ವರ್ಷದ ಮಗಳು, ಮಂಡಿನೋವಿರುವ ಅತ್ತೆ. ಮ್ಯಾಪಿನಲ್ಲಿ ಎರಡು ಗೇಟು ಕಾಣಿಸುತ್ತಿವೆ, ಯಾವುದಕ್ಕೆ ಹೋಗಬೇಕು? ಬೆಳಿಗ್ಗೆಯೋ ಸಂಜೆಯೋ? ಆ ಹೊತ್ತಿಗೆ ಮರಿಗಳು ಇರುತ್ತವಾ? ಮಗಳಿಗೆ ನೀರಿಗಿಳಿಯುವ ಆಸೆ ಬೇರೆ.

ಹಕ್ಕಿಗಣ್ಣು:
ಎರಡೂ ಗೇಟು ಒಂದೇ ನ್ಯಾಷನಲ್ ಪಾರ್ಕಿನವು, ಕೆಲಸ ಮಾತ್ರ ಬೇರೆ. ಫಾಕ್ಸಿ ಬೀಚ್ ಕಡೆಯ ಗೇಟಿನಿಂದ ಮರದ ಹಲಗೆಯ ದಾರಿ ಇದೆ. ಅದರ ಮೇಲಿನಿಂದ ನೋಡುವುದಷ್ಟೇ, ಮರಳಿಗೆ ಇಳಿಯುವ ಹಾಗಿಲ್ಲ. ಆದರೆ ಹಕ್ಕಿಗಳ ದೊಡ್ಡ ಗುಂಪು ಇರುವುದು ಇಲ್ಲೇ. ನಿಮ್ಮ ಅತ್ತೆಗೆ ಇದೇ ಸರಿ, ದಾರಿ ಮಟ್ಟಸ. ಬೆಲ್‌ವ್ಯೂ ರಸ್ತೆ ಕಡೆಯದು ಈಜುವ ಬೀಚು. ಅಲ್ಲಿ ಒಂದು ಕೊಲ್ಲಿಯಿಂದ ಪಕ್ಕದ್ದಕ್ಕೆ ಹೋಗಬೇಕಾದರೆ ಹೆಬ್ಬಂಡೆಗಳ ಸಂದಿಯಲ್ಲಿ ಬಗ್ಗಿ ನುಸುಳಬೇಕು, ಮಂಡಿನೋವಿದ್ದವರಿಗೆ ಆಗದು. ಒಂದೇ ಟಿಕೆಟ್ ಎರಡೂ ಕಡೆ ನಡೆಯುತ್ತದೆ, ಎಸೆಯಬೇಡಿ. ಎರಡರ ನಡುವೆ ವಿಲ್ಲಿಸ್ ವಾಕ್ ಅಂತ ಒಂದು ಕಾಲುದಾರಿ ಇದೆ. ಪೊದೆಗಳಡಿ ಗೂಡುಗಳು ಅಲ್ಲಿಯೂ ಕಾಣುತ್ತವೆ, ಅದಕ್ಕೆ ಟಿಕೆಟ್ಟೇ ಬೇಡ.

ಹೊತ್ತಿನ ವಿಷಯಕ್ಕೆ ಬಂದರೆ, ಗಡಿಯಾರಕ್ಕಿಂತ ಮೊದಲು ಉಬ್ಬರವಿಳಿತ ನೋಡಿ. ಈಜುವ ಬೀಚು ಚಿಕ್ಕದು, ಉಬ್ಬರದಲ್ಲಿ ಮರಳು ಬಹುಪಾಲು ನೀರಿನಡಿ ಹೋಗಿ ಜನ, ಹಕ್ಕಿ ಎಲ್ಲ ಒಂದೇ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಬೋಲ್ಡರ್ಸ್ ಇರುವ ಊರು ಸೈಮನ್ಸ್ ಟೌನ್, ಅದರ ಉಬ್ಬರವಿಳಿತದ ಪಟ್ಟಿ ನೆಟ್‌ನಲ್ಲಿ ಸಿಗುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಒಂದು ಲೆಕ್ಕ: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಅಲ್ಲಿ ಇಳಿತ ಬೆಳಿಗ್ಗೆ 9–10ರ ಸುಮಾರಿಗೆ, ಉಬ್ಬರ ಮಧ್ಯಾಹ್ನ 3–4ಕ್ಕೆ. ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಹೋಗುತ್ತದೆ.

ಫೋಟೋ ಬೇಕಿದ್ದರೂ ಬೆಳಿಗ್ಗೆಯೇ. ಕಡಲು ಪೂರ್ವಕ್ಕೆ, ಬೆನ್ನಿಗೆ ಗುಡ್ಡ, ಹಾಗಾಗಿ ಸಂಜೆ ಬೇಗ ನೆರಳು ಬೀಳುತ್ತದೆ. ಸಮುದ್ರಕ್ಕೆ ಹೋದ ಹಕ್ಕಿಗಳು ಸಾಲಾಗಿ ದಡ ಹತ್ತುವುದು ನೋಡಬೇಕೆಂದರೆ ಮಾತ್ರ ಸಂಜೆಗೆ ಅರ್ಥವಿದೆ.

ಗರಿಗುಪ್ಪೆ:
ಮರಿಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ವರ್ಷವಿಡೀ ಅಲ್ಲೊಂದು ಇಲ್ಲೊಂದು ಗೂಡು ಇದ್ದೇ ಇರುತ್ತದೆ, ಆದರೆ ಮೊಟ್ಟೆ ಇಡುವ ಜೋರು ಮಾರ್ಚ್‌ನಿಂದ ಮೇವರೆಗೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಗಂಡು ಹೆಣ್ಣು ಸರದಿಯಲ್ಲಿ ಸುಮಾರು 40 ದಿನ ಕಾವು ಕೊಡುತ್ತವೆ.

ಜನವರಿಯಲ್ಲಿ ನಿಮಗೆ ಕಾಣುವುದು ಗರಿ ಉದುರಿಸುತ್ತಿರುವ ದೊಡ್ಡ ಹಕ್ಕಿಗಳು. ಮೈಮೇಲೆ ಹಳೆ ಗರಿ ಹರಿದ ಕೌದಿಯ ಹಾಗೆ ಜೋತಿರುತ್ತದೆ, ಅದರಡಿಯಲ್ಲಿ ಹೊಸದು ಹೊಳೆಯುತ್ತಿರುತ್ತದೆ, ಕಾಲ ಬಳಿ ಗರಿಗಳ ರಾಶಿ. ಕಣ್ಣು ಅರೆಮುಚ್ಚಿ ಅಲ್ಲಾಡದೆ ನಿಂತಿರುತ್ತವೆ. ಕಾಯಿಲೆ ಅಂದುಕೊಂಡು ನೀರು ಚಿಮುಕಿಸುವವರು, ಕಡಲ ಕಡೆ ಅಟ್ಟುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ದಯವಿಟ್ಟು ಬೇಡ. ಈ ಸುಮಾರು ಮೂರು ವಾರ ಗರಿಗೆ ನೀರು ತಡೆಯುವ ಶಕ್ತಿ ಇಲ್ಲ, ಕಡಲಿಗಿಳಿದರೆ ಚಳಿಗೆ ಸಾಯುತ್ತದೆ. ಮೀನು ಹಿಡಿಯಲಾಗದ್ದರಿಂದ ಪೂರ್ತಿ ಉಪವಾಸ. ಮೊದಲೇ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಬದುಕುತ್ತವೆ, ಮುಗಿಯುವ ಹೊತ್ತಿಗೆ ತೂಕ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಒಮ್ಮೆ ಹೆದರಿಸಿ ಓಡಿಸಿದರೂ ಆ ಉಳಿತಾಯದಿಂದಲೇ ಖರ್ಚು.

ಕಡಲಂಚು:
ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಹಾಗಿದ್ದರೆ ನಿಜವಾಗಿ ಕಾಯಿಲೆಯಾದದ್ದನ್ನು ಗುರುತಿಸುವುದು ಹೇಗೆ? ಮಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದಾ?

ಗರಿಗುಪ್ಪೆ:
ರಕ್ತ, ಮೈಗೆ ಎಣ್ಣೆ, ಜೋತುಬಿದ್ದ ರೆಕ್ಕೆ, ಮೈಗೆ ಸುತ್ತಿದ ಮೀನುದಾರ, ಎದ್ದು ನಿಲ್ಲಲಾಗದಿರುವುದು, ಇವು ಕಂಡರೆ ಗೇಟಿನ ರೇಂಜರ್‌ಗೆ ಹೇಳಿ. ಕಡಲಹಕ್ಕಿಗಳ ಆರೈಕೆಗೆಂದೇ ಕೇಪ್ ಟೌನ್‌ನಲ್ಲಿ ಸ್ಯಾಂಕಾಬ್ ಸಂಸ್ಥೆ ಇದೆ, 1968ರಿಂದ. ನೀವು ಮುಟ್ಟಬೇಡಿ. 2022ರಲ್ಲಿ ಇಲ್ಲಿ ಹಕ್ಕಿಜ್ವರವೂ ಕಾಣಿಸಿಕೊಂಡಿತ್ತು.

ಫೋಟೋಗೆ ಕನಿಷ್ಠ ಮೂರು ಮೀಟರ್ ದೂರ. ಕೊಕ್ಕಿನ ಅಂಚು ಬ್ಲೇಡಿನ ಹಾಗೆ, ಕಚ್ಚಿದರೆ ಚರ್ಮ ಸೀಳುತ್ತದೆ. ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆ ಮಾಡಿ ನೋಡತೊಡಗಿದರೆ ಮುದ್ದು ಅಂದುಕೊಳ್ಳಬೇಡಿ, ಇನ್ನು ಬರಬೇಡ ಅನ್ನುವ ಎಚ್ಚರಿಕೆ ಅದು. ಸುಮ್ಮನೆ ಕೂತಿರಿ, ಎಷ್ಟೋ ಸಲ ಅವೇ ಹತ್ತಿರದಲ್ಲಿ ಹಾದು ಹೋಗುತ್ತವೆ.

ಉಪ್ಪುಗಾಳಿ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಜನವರಿ ಅಲ್ಲಿ ಬೇಸಿಗೆ, ಆಗ ಆಗ್ನೇಯ ಗಾಳಿ ಜೋರಾಗಿ ಬೀಸುತ್ತದೆ. ಆ ಗಾಳಿಗೆ ಅಟ್ಲಾಂಟಿಕ್ ಕಡೆ, ಕ್ಲಿಫ್ಟನ್ ಮುಂತಾದಲ್ಲಿ, ಮೇಲಿನ ನೀರು ಆಚೆ ಸರಿದು ತಳದ ತಣ್ಣೀರು ಮೇಲೆ ಬರುತ್ತದೆ. ಬೋಲ್ಡರ್ಸ್ ಇರುವ ಫಾಲ್ಸ್ ಬೇ ಕೊಲ್ಲಿಯ ಕಡೆ ಅಷ್ಟು ಕೊರೆಯುವುದಿಲ್ಲ, ಬೋಲ್ಡರ್ಸ್‌ನಲ್ಲಂತೂ ಗ್ರಾನೈಟ್ ಬಂಡೆಗಳೇ ಅಲೆಯನ್ನು ಮುರಿಯುತ್ತವೆ. ಮಕ್ಕಳಿಗೆ ಒಳ್ಳೆಯ ಜಾಗ. ಆದರೂ ನಮ್ಮ ಮಂಗಳೂರು, ಕಾರವಾರದ ನೀರು ಅಂದುಕೊಂಡು ಇಳಿದರೆ ಮೊದಲ ನಿಮಿಷ ಉಸಿರು ಸಿಕ್ಕಿಕೊಳ್ಳುತ್ತದೆ.

ಪಾರ್ಕಿಂಗ್ ಬೇಗ ತುಂಬುತ್ತದೆ, ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ. ರೈಲು ಸೈಮನ್ಸ್ ಟೌನ್‌ವರೆಗೆ ಇದ್ದರೂ ಫಿಶ್ ಹೂಕ್ ದಾಟಿದ ಮೇಲಿನ ತುಂಡು ಕಡಲಿಗೆ ಅಂಟಿಕೊಂಡಿದೆ, ಆಗಾಗ ನಿಲ್ಲುತ್ತದೆ. ಸ್ಟೇಷನ್ನಿನಿಂದ ಅರ್ಧ ಗಂಟೆಗೂ ಹೆಚ್ಚು ನಡಿಗೆ. ಅತ್ತೆ ಇದ್ದಾರಲ್ಲ, ಟ್ಯಾಕ್ಸಿ ಮಾಡಿ.

ಹಕ್ಕಿಗಣ್ಣು:
ಒಂದು ಸೇರಿಸುತ್ತೇನೆ. ಇಲ್ಲಿ ಸಂಸಾರ ಶುರುವಾದದ್ದು 1982ರಲ್ಲಿ, ಎರಡೇ ಜೋಡಿಯಿಂದ. ಈಗ ಜನಜಂಗುಳಿ ನೋಡಿ ಈ ಹಕ್ಕಿಗೇನು ಕೊರತೆ ಅನ್ನಿಸಬಹುದು. ಆದರೆ 2024ರ ಅಕ್ಟೋಬರಿನಲ್ಲಿ ಇದೇ ಆಫ್ರಿಕನ್ ಪೆಂಗ್ವಿನ್ನನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಿದರು. ಎಲ್ಲ ಕಡೆಯದೂ ಸೇರಿ ಮರಿ ಮಾಡುವ ಜೋಡಿಗಳು 10,000ಕ್ಕಿಂತ ಕಡಿಮೆ. ಮುಖ್ಯ ಪೆಟ್ಟು ಆಹಾರದ್ದು, ಅಂದರೆ ಬೂತಾಯಿಯ ಜಾತಿಯ ಸಾರ್ಡೀನ್ ಮತ್ತು ಆಂಚೊವಿ ಕಡಿಮೆಯಾದದ್ದು. ಹಲಗೆ ದಾರಿಯಿಂದ ಮರಳಲ್ಲಿ ಹೂತ ಕೃತಕ ಗೂಡುಗಳು ಕಾಣುತ್ತವೆ, ಮಗಳಿಗೆ ತೋರಿಸಿ. ನೆರಳಿಲ್ಲದ ಗೂಡಲ್ಲಿ ಬಿಸಿಲು ತಾಳದೆ ಹಕ್ಕಿ ಎದ್ದು ನೀರಿಗೆ ಹೋದರೆ ಕಡಲಕಾಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ಆ ಏರ್ಪಾಡು.

ವಾಪಸ್ ಹೊರಡುವಾಗ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಗ್ಗಿ ಚಕ್ರದ ಹಿಂದೆ, ಅಡಿಯಲ್ಲಿ ನೋಡಲು ಡ್ರೈವರ್‌ಗೆ ಹೇಳಿ. ನೆರಳು ಹುಡುಕಿಕೊಂಡು ಬಂದು ಅಲ್ಲೇ ಕೂತಿರುತ್ತವೆ.