ತೆಳು ಕೂದಲಲ್ಲಿ ಕ್ಲಿಪ್-ಇನ್ ಜಾರುತ್ತದೆ, ಗೆರೆಯೂ ಕಾಣುತ್ತದೆ. ಟೇಪ್-ಇನ್ ಹಾಕಿಸುವುದೇ?

ನೀಳವೇಣಿ
ಕೂದಲು ಭುಜ ಮುಟ್ಟುವಷ್ಟಿದೆ. ಎಳೆ ತೆಳು, ತುದಿ ಒಂದೇ ಸಮ ಕತ್ತರಿಸಿದ್ದು. ಕೈಯಲ್ಲಿರುವುದು 20 ಇಂಚು ಉದ್ದ, 220 ಗ್ರಾಂ ತೂಕದ ಕ್ಲಿಪ್-ಇನ್ ಸೆಟ್, ಅಂದರೆ ಕ್ಲಿಪ್‌ನಿಂದ ಸಿಕ್ಕಿಸುವ ಎಕ್ಸ್‌ಟೆನ್ಶನ್ (ಜೋಡಿಸುವ ಕೂದಲಿನ) ಪಟ್ಟಿಗಳು. ಹಾಕಿ ಎರಡು ಗಂಟೆಯಾಗುವಷ್ಟರಲ್ಲಿ ಕಿವಿಯ ಮೇಲಿನ ಕ್ಲಿಪ್‌ಗಳು ಜಾರುತ್ತವೆ. ಸ್ವಂತ ಕೂದಲು ಮುಗಿಯುವಲ್ಲಿ ಮೆಟ್ಟಿಲಿನ ಹಾಗೆ ಗೆರೆ ಕಾಣುತ್ತದೆ. ಬಣ್ಣ ಒಳಗೆ ದೀಪದ ಬೆಳಕಿನಲ್ಲಿ ಹೊಂದುತ್ತದೆ, ಬಿಸಿಲಿಗೆ ಬಂದರೆ ಹೊಂದುವುದಿಲ್ಲ. ಅಂಟುಪಟ್ಟಿಯಿಂದ ಕೂದಲಿಗೆ ಅಂಟಿಸುವ ಟೇಪ್-ಇನ್ ಹಾಕಿಸಿದರೆ ಇದೆಲ್ಲ ಸರಿಹೋಗುತ್ತದೆಯೇ? ವಾರಕ್ಕೆರಡು ಸಲ ತಲೆಗೆ ಎಣ್ಣೆ ಹಚ್ಚುತ್ತೇನೆ, ಅದನ್ನು ಬಿಡುವ ಮನಸ್ಸಿಲ್ಲ.

ಕಿರುಬಾಚಣಿಗೆ
ಮೊದಲು ಸೆಟ್ಟನ್ನೇ ಅನುಮಾನಿಸಿ. ತೆಳು ಕೂದಲಿಗೆ 220 ಗ್ರಾಂ ಬಹಳ ಹೆಚ್ಚು. ಎಕ್ಸ್‌ಟೆನ್ಶನ್ ಆರಿಸುವಾಗ ಎಲ್ಲರೂ ಇಂಚು ನೋಡುತ್ತಾರೆ, ನೋಡಬೇಕಾದ್ದು ಗ್ರಾಂ. ತೆಳು ಕೂದಲಿಗೆ 100ರಿಂದ 140 ಗ್ರಾಂ, ಮಧ್ಯಮಕ್ಕೆ 160ರಿಂದ 180, ದಟ್ಟ ಕೂದಲಿಗೆ 200ರ ಮೇಲೆ. ದಟ್ಟ ಕೂದಲಿಗೇ ಹೆಚ್ಚು ತೂಕ ಯಾಕೆ ಅಂದರೆ, ಮೇಲೆ ತುಂಬಿಕೊಂಡಿರುವ ಕೂದಲಿಗೆ ಸಮನಾಗಿ ಕೆಳಗೂ ತುಂಬಬೇಕು, ಮತ್ತು ಆ ಭಾರ ಹೊರುವ ಬುಡವೂ ಅಲ್ಲಿದೆ. ತೆಳು ಕೂದಲಲ್ಲಿ ಎರಡೂ ಇಲ್ಲ.

ಉದ್ದವೂ ಇದರ ಜೊತೆಗೇ ಬರುತ್ತದೆ. ಅದೇ 120 ಗ್ರಾಂ 14 ಇಂಚಿನಲ್ಲಿ ತುಂಬಿಕೊಂಡು ಕಾಣುತ್ತದೆ, 22 ಇಂಚಿನಲ್ಲಿ ಇಲಿಬಾಲ. ಭುಜದವರೆಗಿನ ಒಂದೇ ಸಮದ ಕೂದಲಿಗೆ 14ರಿಂದ 16 ಇಂಚು ಸಾಕು. ಅದಕ್ಕಿಂತ ಉದ್ದ ಹೋದಷ್ಟೂ ಮೆಟ್ಟಿಲು ಎದ್ದು ಕಾಣುತ್ತದೆ. ಅಳತೆ ಯಾವಾಗಲೂ ಕೂದಲನ್ನು ನೇರ ಎಳೆದು ಹಿಡಿದ ಅಳತೆ. ಅಲೆಯಲೆಯಾದ ಕೂದಲು ಹಾಕಿದಾಗ ಒಂದೆರಡು ಇಂಚು ಮೋಟಾಗುತ್ತದೆ.

ಇನ್ನು ಗುಣ. 'ರೆಮಿ' ಎಂದರೆ ಎಲ್ಲ ಎಳೆಗಳ ಬುಡ ಒಂದೇ ಕಡೆ, ತುದಿ ಒಂದೇ ಕಡೆ ಇರುವಂತೆ ಜೋಡಿಸಿದ ಕೂದಲು. ಎಳೆಯ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ, ಅದೇ ಕ್ಯೂಟಿಕಲ್. ಎಳೆಗಳು ತಲೆಕೆಳಗಾಗಿ ಬೆರೆತರೆ ಈ ಹುರುಪೆಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಗಂಟಾಗುತ್ತವೆ. ಹಾಗೆ ಬೆರೆತ ಕೂದಲನ್ನು ಆಮ್ಲದಲ್ಲಿ ಅದ್ದಿ ಹುರುಪೆ ತೆಗೆದು, ಮೇಲೆ ಸಿಲಿಕೋನ್ ಬಳಿದು ಮಾರುವುದುಂಟು. ಪೊಟ್ಟಣ ಬಿಚ್ಚಿದಾಗ ರೇಷ್ಮೆಯಂತಿದ್ದು ನಾಲ್ಕಾರು ತೊಳೆತಕ್ಕೆ ಹಗ್ಗವಾಗುವುದು ಇದೇ. 'ಡಬಲ್ ಡ್ರಾನ್' ಎಂದರೆ ಮೋಟು ಎಳೆಗಳನ್ನು ಆರಿಸಿ ತೆಗೆದದ್ದು, ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪ. ನಿಮಗೆ ಅದು ಬೇಕಿಲ್ಲ. ತೆಳು ಕೂದಲಿಗೆ ತುದಿ ಸಹಜವಾಗಿ ಸಣ್ಣಗಾಗುವ 'ಸಿಂಗಲ್ ಡ್ರಾನ್' ಚೆನ್ನಾಗಿ ಬೆರೆಯುತ್ತದೆ.

ಬಣ್ಣದ ತಪ್ಪು ಬಹುಪಾಲು ಬುಡ ನೋಡಿ ಆರಿಸುವುದರಿಂದ ಆಗುತ್ತದೆ. ಎಕ್ಸ್‌ಟೆನ್ಶನ್ ಕೂಡುವುದು ನಿಮ್ಮ ಕೂದಲಿನ ಮಧ್ಯಭಾಗ ಮತ್ತು ತುದಿಯ ಜೊತೆ. ಹಗಲಿನಲ್ಲಿ, ಕಿಟಕಿಯ ಪಕ್ಕ ನಿಂತು, ತುದಿಯನ್ನು ಎಕ್ಸ್‌ಟೆನ್ಶನ್ ಮೇಲೆ ಇಟ್ಟು ನೋಡಿ. ಕಪ್ಪು ಎಂದುಕೊಳ್ಳುವ ಕೂದಲು ಎಷ್ಟೋ ಸಲ ಬಣ್ಣದ ಸಂಖ್ಯೆ 1 ಅಲ್ಲ, 1ಬಿ (ಸಹಜ ಕಪ್ಪು) ಅಥವಾ 2 (ಗಾಢ ಕಂದು). ಸಂಖ್ಯೆ 1 ಅಚ್ಚ ಕಪ್ಪು, ಬಿಸಿಲಿನಲ್ಲಿ ನೀಲಿ ಹೊಡೆಯುತ್ತದೆ.

ಎಳೆಎಳೆ
ತೂಕದ ಮಾತು ನೂರಕ್ಕೆ ನೂರು ಸರಿ. ಹಾಕುವ ಬಗೆ ಹೇಳುತ್ತೇನೆ, ಜಾರುವುದರ ಅರ್ಧ ಕಾರಣ ಅಲ್ಲೇ ಇರುತ್ತದೆ.

ಬುಡಕ್ಕೆ ಕಂಡೀಷನರ್ ತಾಗಿದ್ದರೆ ಅಥವಾ ಎಣ್ಣೆ ಉಳಿದಿದ್ದರೆ ಕ್ಲಿಪ್ ನಿಲ್ಲುವುದಿಲ್ಲ. ತಲೆ ತೊಳೆದು, ಪೂರ್ತಿ ಒಣಗಿಸಿ. ಕತ್ತಿನ ಕೂದಲಂಚಿನಿಂದ 3 ಸೆಂಟಿಮೀಟರ್ ಮೇಲೆ, ಬಾಲದ ಬಾಚಣಿಗೆಯಿಂದ ಕಿವಿಯಿಂದ ಕಿವಿಗೆ ಅಡ್ಡ ಬೈತಲೆ ತೆಗೆಯಿರಿ. ಮೇಲಿನದನ್ನು ಎತ್ತಿ ಕಟ್ಟಿ. ಕೆಳಗೆ ಉಳಿದ ಆ ಸಣ್ಣ ಪಾಲೇ ನಿಮ್ಮ ಮೆಟ್ಟಿಲಿನ ಮೂಲ, ಅದು ಎಕ್ಸ್‌ಟೆನ್ಶನ್ ಕೆಳಗೆ ಮೋಟಾಗಿ ಇಣುಕುತ್ತದೆ. ಅದನ್ನು ಎರಡು ಪುಟ್ಟ ಜಡೆ ಮಾಡಿ, ಒಂದರ ಮೇಲೊಂದು ಅಡ್ಡಕ್ಕೆ ಮಲಗಿಸಿ ಪಿನ್ ಹಾಕಿ. ಮೊದಲ ಪಟ್ಟಿಯನ್ನು ಈ ಜಡೆಯ ಮೇಲೆಯೇ ಸಿಕ್ಕಿಸಿ. ಗೆರೆಯೂ ಹೋಯಿತು, ಹಿಡಿತವೂ ಸಿಕ್ಕಿತು.

ಪ್ರತಿ ಪಟ್ಟಿಗೂ ನಡುವಿನ ಕ್ಲಿಪ್ ಮೊದಲು, ಆಮೇಲೆ ಅಕ್ಕಪಕ್ಕದ್ದು. ಅಂಚಿನಿಂದ ಶುರುಮಾಡಿದರೆ ಪಟ್ಟಿ ನಡುವೆ ಉಬ್ಬುತ್ತದೆ, ಇಲ್ಲವೇ ಬಿಗಿಯಾಗಿ ಎಳೆಯುತ್ತದೆ. ಹಲ್ಲುಗಳನ್ನು ಬುಡಕ್ಕೆ ಒತ್ತಿ ಸಿಕ್ಕಿಸಿ, 'ಟಿಕ್' ಎನ್ನುವವರೆಗೆ ಮುಚ್ಚಿ. ಮುಂದಿನ ಪಟ್ಟಿ 2 ಸೆಂಟಿಮೀಟರ್ ಮೇಲೆ. ಅತಿ ಅಗಲದ ಪಟ್ಟಿ ಹಿಂದಲೆಯ ಉಬ್ಬಿದ ಮೂಳೆಯ ಹತ್ತಿರ ಬರಲಿ, ಅದರಿಂದ ಮೇಲಕ್ಕೆ ಹೋದರೆ ಮುಚ್ಚಲು ಕೂದಲು ಸಾಲದು. ಪಕ್ಕದ ಪಟ್ಟಿಗಳು ಹುಬ್ಬಿನ ಮಟ್ಟ ದಾಟಬಾರದು, ಮುಂದಲೆಯ ಅಂಚಿನಿಂದ ಕನಿಷ್ಠ 2 ಸೆಂಟಿಮೀಟರ್ ಹಿಂದೆ ಇರಬೇಕು.

ಕಿವಿಯ ಮೇಲೆ ಜಾರುವುದಕ್ಕೆ ಹಲವರು ಬುಡವನ್ನು ಹಿಂಬಾಚಿ (ತುದಿಯ ಕಡೆಯಿಂದ ಬುಡದತ್ತ ಬಾಚಿ) ಸ್ಪ್ರೇ ಹೊಡೆಯಿರಿ ಎನ್ನುತ್ತಾರೆ. ಎಂದೋ ಒಮ್ಮೆ ಆದರೆ ಪರವಾಗಿಲ್ಲ. ತೆಳು ಎಳೆಗೆ ಪದೇಪದೇ ಹಿಂಬಾಚಿದರೆ ಹುರುಪೆ ಎದ್ದು, ಕಣತಲೆಯ ಕೂದಲು ಅಲ್ಲಲ್ಲೇ ಮುರಿಯುತ್ತದೆ. ಬದಲಿಗೆ ಅಲ್ಲಿಯೂ ಪೆನ್ಸಿಲ್ ದಪ್ಪದ ಒಂದು ಜಡೆ ತಲೆಗಂಟಿದಂತೆ ಹೆಣೆದು ಅದಕ್ಕೆ ಕ್ಲಿಪ್ ಹಾಕಿ.

ಕೊನೆಗೆ, ಸ್ವಂತ ಕೂದಲನ್ನೂ ಎಕ್ಸ್‌ಟೆನ್ಶನ್ನನ್ನೂ ಸೇರಿಸಿಯೇ 25ರಿಂದ 32 ಮಿಲಿಮೀಟರ್ ದಪ್ಪದ, ಕೂದಲು ಸುರುಳಿ ಮಾಡುವ ಬಿಸಿ ಕಡ್ಡಿಯಲ್ಲಿ (ಕರ್ಲಿಂಗ್ ಐರನ್), 150–160 ಡಿಗ್ರಿ ಸೆಲ್ಸಿಯಸ್‌ಗೆ ಸುತ್ತಿ. ಬೇರೆಬೇರೆ ಸುತ್ತಿದರೆ ಎರಡು ಗುಂಪಾಗಿಯೇ ಉಳಿಯುತ್ತವೆ.

ನೀಳವೇಣಿ
ತುಂಬಾ ಉಪಕಾರವಾಯಿತು. ಹಾಗಾದರೆ ಟೇಪ್ ಬೇಡವೇ? ಈಗಿರುವ ಸೆಟ್ಟನ್ನು ಕತ್ತರಿಸಿ, ಬಣ್ಣ ಹಾಕಿ ಬಳಸಬಹುದೇ?

ಹೆಣೆಗೆ
ಟೇಪ್ ತೆಳು ಕೂದಲಿಗೆ ಒಳ್ಳೆಯ ವಿಧಾನವೇ. ಸುಮಾರು 4 ಸೆಂಟಿಮೀಟರ್ ಅಗಲದ ಪಟ್ಟಿ, ಒಂದು ಸಾಮಾನ್ಯವಾಗಿ 2.5 ಗ್ರಾಂ. ಎರಡು ಪಟ್ಟಿಗಳ ನಡುವೆ ನಿಮ್ಮ ಕೂದಲಿನ 2–3 ಮಿಲಿಮೀಟರ್ ಪದರ ಇಟ್ಟು ಒತ್ತುತ್ತಾರೆ. ಭಾರ 4 ಸೆಂಟಿಮೀಟರ್ ಉದ್ದಕ್ಕೂ ಹಂಚಿಹೋಗುವುದೇ ಇದರ ಮೇಲುಗೈ. ಪುಟ್ಟ ಲೋಹದ ಉಂಗುರದಿಂದ ಬಿಗಿಯುವ ಮೈಕ್ರೋ ರಿಂಗ್‌ನಲ್ಲಿ ಒಂದೊಂದು ಗ್ರಾಂ ಎಳೆ ಒಂದು ಸಣ್ಣ ಚುಕ್ಕೆಯಿಂದ ತೂಗುತ್ತದೆ, ತೆಳು ಕೂದಲಿಗೆ ಅದು ಸಲ್ಲ.

ಆದರೆ ಎಣ್ಣೆ ಮತ್ತು ಟೇಪ್ ಒಟ್ಟಿಗೆ ಬಾಳುವುದಿಲ್ಲ. ಅಂಟನ್ನು ಬಿಡಿಸುವ ದ್ರಾವಣಗಳಲ್ಲಿ ಎಷ್ಟೋ ಎಣ್ಣೆಯವೇ. ವಾರಕ್ಕೆರಡು ಸಲ ಬುಡಕ್ಕೆ ಎಣ್ಣೆ ಹಚ್ಚುವುದೆಂದರೆ ವಾರಕ್ಕೆರಡು ಸಲ ಟೇಪ್ ಬಿಚ್ಚಲು ಹೊರಟ ಹಾಗೆ. ಎಣ್ಣೆ ಬಿಡದಿದ್ದರೆ ಕ್ಲಿಪ್-ಇನ್‌ನಲ್ಲೇ ಇರಿ, ಅಥವಾ ಹ್ಯಾಲೋ ನೋಡಿ. ಅದರಲ್ಲಿ ಒಂದೇ ಪಟ್ಟಿ ಪಾರದರ್ಶಕ ತಂತಿಯಿಂದ ತಲೆಯ ಸುತ್ತ ಕೂರುತ್ತದೆ, ಬುಡಕ್ಕೆ ಏನೂ ಕಚ್ಚುವುದಿಲ್ಲ. ಜಡೆ ಮಾತ್ರ ಉದ್ದ ಕಾಣಬೇಕಾದ ದಿನಕ್ಕೆ ಚೌರಿಯೇ ಸಾಕು.

ಎಂದಾದರೂ ಟೇಪ್ ಹಾಕಿಸಿದರೆ ಇಷ್ಟು ಗಮನಿಸಿ. ನಡುವಿನ ಪದರ ದಪ್ಪವಾದರೆ ಅಂಟಿಗೆ ಅಂಟು ಮುಟ್ಟುವುದಿಲ್ಲ, ಪಟ್ಟಿ ಜಾರುತ್ತದೆ. ತೀರಾ ತೆಳುವಾದರೆ ಇಡೀ ಭಾರ ನಾಲ್ಕು ಎಳೆಗೆ ಬೀಳುತ್ತದೆ. ಕೂದಲಿನ ಪದರದ ಮೂಲಕ ಕೆಳಗಿನ ಟೇಪ್ ಮಸುಕಾಗಿ ಕಾಣಬೇಕು, ಅದೇ ಅಳತೆ. ಬಹಳ ತೆಳು ಜಾಗಕ್ಕೆ ಒಂದು ಬದಿಗೆ ಮಾತ್ರ ಕೂದಲಿನ ಪಟ್ಟಿ, ಇನ್ನೊಂದು ಬದಿಗೆ ಬರೀ ಟೇಪ್ ಹಾಕಿಸಿ, ಭಾರ ಅರ್ಧವಾಗುತ್ತದೆ. ಚರ್ಮದಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಹಚ್ಚಬೇಕು. ಹಾಕಿದ ಮೇಲೆ 48 ಗಂಟೆ ತಲೆಗೆ ನೀರು ಬೇಡ, ಬೆವರುವ ವ್ಯಾಯಾಮವೂ ಬೇಡ. 6ರಿಂದ 8 ವಾರಕ್ಕೆ ತೆಗೆದು ಮೇಲಕ್ಕೆ ಹಾಕಿಸಬೇಕು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಅಂಟು ಬುಡದಿಂದ ದೂರವಾದಷ್ಟೂ ಪಟ್ಟಿ ತಿರುಚಿಕೊಂಡು ಜಗ್ಗುತ್ತದೆ.

ತೆಗೆದಾಗ ಮುಷ್ಟಿಯಷ್ಟು ಕೂದಲು ಬಂದರೆ ಹೆದರಬೇಡಿ. ದಿನಕ್ಕೆ 50ರಿಂದ 100 ಎಳೆ ಸಹಜವಾಗಿ ಉದುರುತ್ತವೆ, ಪಟ್ಟಿಯೊಳಗೆ ಸಿಕ್ಕಿದ್ದು ಅಷ್ಟೂ ದಿನ ಬೀಳದೆ ನಿಂತಿರುತ್ತದೆ. ಆದರೆ ಎಳೆಗಳು ಬುಡದ ಬಿಳಿ ಗುಬಟು ಇಲ್ಲದೆ ನಡುವೆ ತುಂಡಾಗಿದ್ದರೆ ಅದು ಮುರಿತ, ಆಗ ಮತ್ತೆ ಹಾಕಿಸಬೇಡಿ.

ಕಿರುಬಾಚಣಿಗೆ
ಈಗಿನ ಸೆಟ್ ಬಗ್ಗೆ: ಮೊದಲು ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಸುಟ್ಟ ಉಗುರಿನ ವಾಸನೆ ಬಂದು ಪುಡಿಯಾದರೆ ನಿಜ ಕೂದಲು, ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಸಿಂಥೆಟಿಕ್‌ಗೆ ಕೂದಲಿನ ಬಣ್ಣ ಹಿಡಿಯುವುದಿಲ್ಲ. 'ಶಾಖ ತಡೆಯುತ್ತದೆ' ಎಂದು ಬರೆದಿರದಿದ್ದರೆ ಬಿಸಿ ಕಡ್ಡಿಯನ್ನೂ ಮುಟ್ಟಿಸಬೇಡಿ.

ನಿಜ ಕೂದಲಾದರೆ ಒಂದೆರಡು ಛಾಯೆ ಗಾಢ ಮಾಡಬಹುದು, ತಿಳಿ ಮಾಡಲು ಹೋಗಬೇಡಿ. ಅದು ಮೊದಲೇ ಒಮ್ಮೆ ಬ್ಲೀಚ್ ಕಂಡಿರುವ ಸಾಧ್ಯತೆ ಹೆಚ್ಚು, ಇನ್ನೊಮ್ಮೆ ಆದರೆ ಎಳೆ ಸತ್ತೇಹೋಗುತ್ತದೆ. ಅಮೋನಿಯಾ ಇಲ್ಲದ ಬಣ್ಣ ತೆಗೆದುಕೊಂಡು, ಅತಿ ಸಣ್ಣ ಪಟ್ಟಿಯ ಮೇಲೆ ಮೊದಲು ಹಚ್ಚಿ ನೋಡಿ. ನಿಮ್ಮ ಸೆಟ್ ಬಿಸಿಲಿನಲ್ಲಿ ನೀಲಿ ಹೊಡೆದರೆ, ಅಂದರೆ ಅದೇ ಹೆಚ್ಚು ಗಾಢವಿದ್ದರೆ, ಬಣ್ಣದ ಮಾತು ಬಿಡಿ, ಸೆಟ್ ಬದಲಿಸುವುದೇ ದಾರಿ.

ಎಲ್ಲ ಪಟ್ಟಿ ಹಾಕಲೇಬೇಕೆಂದಿಲ್ಲ. ನಾಲ್ಕೈದು ಹಾಕಿ, ಉಳಿದದ್ದು ಪೆಟ್ಟಿಗೆಯಲ್ಲಿರಲಿ. 16 ಇಂಚಿಗೆ ಮೋಟು ಮಾಡುವುದಾದರೆ ಹಾಕಿಕೊಂಡೇ, ಒಣ ಕೂದಲಿನಲ್ಲೇ, ಕತ್ತರಿಯನ್ನು ಲಂಬವಾಗಿ ಹಿಡಿದು ತುದಿತುದಿಯಾಗಿ ಕತ್ತರಿಸಿಸಿ. ಅಡ್ಡ ಕತ್ತರಿಸಿದರೆ ಎರಡನೇ ಗೆರೆ ಹುಟ್ಟುತ್ತದೆ. ಪಟ್ಟಿಯ ಅಗಲ ಕಡಿಮೆ ಮಾಡಿದರೆ ಕತ್ತರಿಸಿದ ಹೊಲಿಗೆಯ ತುದಿಗೆ ಒಂದು ಹನಿ ಬಟ್ಟೆ ಅಂಟು ಹಾಕಿ, ಇಲ್ಲದಿದ್ದರೆ ದಾರ ಬಿಚ್ಚಿ ಉದುರುತ್ತಲೇ ಹೋಗುತ್ತದೆ.

ಎಳೆಎಳೆ
ಒಂದು ಎಚ್ಚರಿಕೆ ಸೇರಿಸಲೇಬೇಕು. ಹಾಕಿದ ಜಾಗದಲ್ಲಿ ನೋವು, ಬುಡದ ಸುತ್ತ ಕೆಂಪು, ಸಣ್ಣ ಗುಳ್ಳೆ ಕಂಡರೆ ಅಂದೇ ತೆಗೆಯಿರಿ. ಬಿಗಿ ಎಳೆತದಿಂದಲೇ ಕೂದಲುದುರುವ ಟ್ರಾಕ್ಷನ್ ಅಲೋಪೇಶಿಯಾ ಹೀಗೆ ಶುರುವಾಗುತ್ತದೆ. ಬೇಗ ಗುರುತಿಸಿ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಬರುತ್ತದೆ, ವರ್ಷಗಟ್ಟಲೆ ಮುಂದುವರಿಸಿದರೆ ಬುಡವೇ ಮುಚ್ಚಿಹೋಗಬಹುದು. ಈಗಾಗಲೇ ಕೂದಲು ಉದುರುತ್ತಿರುವವರು, ಹೆರಿಗೆಯ ನಂತರದ ತಿಂಗಳುಗಳಲ್ಲಿರುವವರು ಅಂಟಿಸುವ ಬಗೆ ಯಾವುದನ್ನೂ ಹಾಕಿಸಬಾರದು. ಕ್ಲಿಪ್ ತಾಗಿದಲ್ಲಿ ತುರಿಸಿದರೆ ನಿಕಲ್ ಅಲರ್ಜಿ ಇರಬಹುದು. ಎಂಆರ್‌ಐ ಸ್ಕ್ಯಾನ್‌ಗೆ ಮುಂಚೆ ಲೋಹದ ಕ್ಲಿಪ್ ತೆಗೆಯಬೇಕು, ರಿಂಗ್ ಹಾಕಿಸಿದ್ದರೆ ಅಲ್ಲಿಯವರಿಗೆ ಮೊದಲೇ ತಿಳಿಸಬೇಕು.

ಕ್ಲಿಪ್-ಇನ್ ಹಾಕಿ ಮಲಗಬೇಡಿ. 15–20 ಸಲ ಹಾಕಿದ ಮೇಲೆ ತೊಳೆದರೆ ಸಾಕು, ಅದಕ್ಕೆ ತಲೆಯ ಜಿಡ್ಡು ಇಳಿಯುವುದಿಲ್ಲ. ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸಲ್ಫೇಟ್ ಇಲ್ಲದ ಶಾಂಪೂವಿನಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಸವರಿ ತೊಳೆಯಿರಿ. ಬಟ್ಟೆಯಂತೆ ಉಜ್ಜಬೇಡಿ, ಹಿಂಡಬೇಡಿ. ಕಂಡೀಷನರ್ ಹೊಲಿಗೆಗೂ ಕ್ಲಿಪ್‌ಗೂ ತಾಗದಿರಲಿ. ಟವೆಲ್ ಮೇಲೆ ಮಲಗಿಸಿ ನೆರಳಲ್ಲಿ ಒಣಗಿಸಿ. ಹೊಲಿಗೆಯೊಳಗೆ ತೇವ ಉಳಿದಿರುವಾಗಲೇ ಪೆಟ್ಟಿಗೆಗೆ ಹಾಕಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಕ್ಲಿಪ್ ತುಕ್ಕು ಹಿಡಿಯುತ್ತದೆ.